ಗುಮಾಸ್ತರು ಪರದೆ ನೋಡೋದಿಲ್ಲ

ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಸೋದರಮಾವನದು ಬೆಲ್ಲದ ಮಂಡಿ. ಅಲ್ಲಿನ ಗುಮಾಸ್ತರು ಪಟ್ಟಿ, ಅಂದರೆ ರೈತರ ಮಾಲಿನ ಬಿಲ್ಲು, ಹಾಕುವುದನ್ನು ಒಮ್ಮೆ ನಿಂತು ನೋಡಬೇಕು. ಎಡಗೈಯಲ್ಲಿ ತೂಕದ ಚೀಟಿ, ಕಣ್ಣು ಚೀಟಿಯ ಮೇಲೆ, ಬಲಗೈ ನಂಬರ್ ಪ್ಯಾಡಿನ ಮೇಲೆ. ಬಾಯಲ್ಲಿ ಇನ್ಯಾರ ಜೊತೆಗೋ ಮಾತು. ರೈತನ ಕೋಡ್, ಎಂಟರ್, ಲಾಟು, ಎಂಟರ್, ತೂಕ, ಎಂಟರ್, ದರ, ಎಂಟರ್. ಪರದೆಯ ಕಡೆ ತಲೆ ಎತ್ತುವುದು ಕೊನೆಯ ಮೊತ್ತಕ್ಕೆ ಮಾತ್ರ.

ಹಳೆಯ ಪ್ರೋಗ್ರಾಮು ಡಾಸ್ ಮೇಲೆ ಓಡುವ ಫಾಕ್ಸ್‌ಪ್ರೊ ಎಂಬ ಡೇಟಾಬೇಸಿನದು. ನೀಲಿ ಪರದೆ, 80 ಕಾಲಂ, 25 ಸಾಲು, ಜೋಡಿಗೆರೆಯ ಚೌಕಟ್ಟುಗಳು. ಅದು ಓಡುತ್ತಿದ್ದ ಕಂಪ್ಯೂಟರ್ ಒಂದು ದಿನ ಕೈಕೊಟ್ಟಿತು. ಮಾವ ಯಾರನ್ನೋ ಕೇಳಿ ಬ್ರೌಸರ್‌ನಲ್ಲಿ ನಡೆಯುವ ಬಿಲ್ಲಿಂಗ್ ಹಾಕಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಕೋಡ್ ಹಾಕಿ ಎಂಟರ್ ಒತ್ತಿದ ಮೇಲೆ ಹೆಸರುಗಳ ಪೆಟ್ಟಿಗೆ ತೆರೆದುಕೊಳ್ಳಲು ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡಿನಲ್ಲಿ ಗುಮಾಸ್ತರ ಬೆರಳು ಇನ್ನು ನಾಲ್ಕು ಕೀ ಒತ್ತಿ ಮುಗಿಸಿರುತ್ತಿತ್ತು. ಆ ನಾಲ್ಕೂ ಹಿಂದಿನ ಖಾನೆಗೆ ಹೋಗಿ ಬೀಳುತ್ತಿದ್ದವು. ತೂಕದ ಅಂಕಿ ದರದ ಜಾಗದಲ್ಲಿ ಕೂತ ದಿನ ಮಾವ ಮೈಸೂರಿಗೆ ಫೋನ್ ಮಾಡಿದರು: 'ಏನ್ಲಾ ಮಗ, ನಿಂಗೆ ಇದೇ ಕಸುಬಲ್ವಾ? ಹಳೇದ್ರಂಗೆ ಒಂದ್ ಮಾಡ್ಕೊಡು. ಮೌಸ್ ಗೀಸ್ ಬ್ಯಾಡ.'

ಹಳೆಯದರ ಹಾಗೆ ಅಂದರೆ ಟರ್ಮಿನಲ್ಲೇ (ಬರೀ ಅಕ್ಷರಗಳ, ಕೀಬೋರ್ಡಿನಲ್ಲೇ ನಡೆಯುವ ಪರದೆ) ಸರಿ ಅನ್ನಿಸಿತು. ಟರ್ಮಿನಲ್‌ನಲ್ಲಿ ಒತ್ತಿದ ಕೀಗಳೆಲ್ಲ ಒಂದೇ ಸಾಲಿನಲ್ಲಿ ಕ್ಯೂ ನಿಲ್ಲುತ್ತವೆ. ಪ್ರೋಗ್ರಾಮು ಬಿಡುವಾದಾಗ ಒಂದೊಂದಾಗಿ ಓದಿಕೊಳ್ಳುತ್ತದೆ. ಎಂಟರ್ ಓದಿದಾಗ ಹೊಸ ವಿಂಡೋ ತೆರೆಯುತ್ತದೆ, ಅದರ ಹಿಂದೆ ನಿಂತ ಕೀ ತಾನಾಗಿಯೇ ಆ ವಿಂಡೋಗೆ ಸೇರುತ್ತದೆ. ಯಂತ್ರ ಎಷ್ಟೇ ನಿಧಾನವಿದ್ದರೂ ಸರದಿ ತಪ್ಪುವುದಿಲ್ಲ. ಅಷ್ಟು ಸಿಕ್ಕರೆ ಗುಮಾಸ್ತರಿಗೆ ಸಾಕಿತ್ತು.

ಪೈಥಾನ್ ಭಾಷೆ ಮತ್ತು ಅದರ ಜೊತೆಗೇ ಬರುವ, ಟರ್ಮಿನಲ್‌ನಲ್ಲಿ ವಿಂಡೋ ಬರೆಯುವ ಕರ್ಸಸ್ ಲೈಬ್ರರಿ ತೆಗೆದುಕೊಂಡೆ. ಟೆಕ್ಸ್ಚುವಲ್ ಅಂತ ಹೊಸ ಲೈಬ್ರರಿ ಇದೆ, ನೋಡಲು ಬಲು ಚೆಂದ. ಆದರೆ ಮಂಡಿಯಲ್ಲಿ ನೆಟ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ, ಕಂಪ್ಯೂಟರೂ ಹಳೆಯದು. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡದೆ ಓಡಬೇಕಿತ್ತು. ಕರ್ಸಸ್ ಬರೆದವರು ಬರ್ಕ್ಲಿಯ ಕೆನ್ ಅರ್ನಾಲ್ಡ್. ವಿಐ ಎಡಿಟರ್‌ನಲ್ಲಿ ಕರ್ಸರನ್ನು ಅತ್ತಿತ್ತ ಓಡಿಸುತ್ತಿದ್ದ ಕೋಡನ್ನು ಬಿಡಿಸಿಕೊಂಡು ಅದರ ಮೇಲೆ ಕಟ್ಟಿದ್ದು. ಈಗ ನಾವು ಲಿನಕ್ಸ್‌ನಲ್ಲಿ ಬಳಸುವುದು ಅದರ ಹೊಸ ರೂಪವಾದ ಎನ್‌ಕರ್ಸಸ್. ಅಕ್ಷರಗಳು ಕುಂಟುತ್ತಾ ಬರುತ್ತಿದ್ದ ಕಾಲದ್ದಾದ್ದರಿಂದ ಅದಕ್ಕೆ ಒಂದು ಜಿಪುಣತನವಿದೆ: ಪರದೆಯ ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಹೋಲಿಸಿ, ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಷ್ಟನ್ನು ಮಾತ್ರ ಟರ್ಮಿನಲ್‌ಗೆ ಕಳಿಸುತ್ತದೆ. ಈ ಜಿಪುಣತನವೇ ಆಮೇಲೆ ನನ್ನನ್ನು ಅರೆಯಿತು.

ಚೌಕ ಬರೆಯುವುದು ಒಂದು ಸಂಜೆಯ ಕೆಲಸ. ಒಂದರ ಮೇಲೊಂದು ವಿಂಡೋ ಪೇರಿಸುವುದರಲ್ಲೇ ಇರುವುದು ಎಡವಟ್ಟು. ಮೇಲಿನ ವಿಂಡೋ ಮುಚ್ಚಿದಾಗ ಕೆಳಗಿನದು ತಾನಾಗಿ ಕಾಣುತ್ತದೆ ಅಂದುಕೊಂಡಿದ್ದೆ, ಕಾಣಲಿಲ್ಲ. ವಿಂಡೋಗಳು ಒಂದನ್ನೊಂದು ಅರಿಯವು, ಕೊನೆಗೆ ಯಾರು ಬರೆದರೋ ಅವರದೇ ಪರದೆ. ಇದಕ್ಕೆಂದೇ ಕರ್ಸಸ್ ಜೊತೆಗೆ ಪ್ಯಾನೆಲ್ ಅಂತ ಇನ್ನೊಂದು ಲೈಬ್ರರಿ ಇದೆ. ಯಾವ ವಿಂಡೋ ಯಾವುದರ ಮೇಲಿದೆ ಎಂಬ ಪೇರನ್ನು ಅದು ಇಟ್ಟುಕೊಳ್ಳುತ್ತದೆ. ಪೈಥಾನ್‌ನಲ್ಲಿ ಆ ಪ್ಯಾನೆಲ್ಲನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಬೇಡದ್ದನ್ನು ಮೆಮೊರಿಯಿಂದ ಕಸ ಗುಡಿಸುವಾಗ ಅದನ್ನೂ ಗುಡಿಸಿಬಿಡುತ್ತದೆ, ವಿಂಡೋ ಮಾಯ. ಕೈಪಿಡಿಯಲ್ಲಿ ಬರೆದಿದ್ದಾರೆ. ನಾನು ಓದಿದ್ದು ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ.

ಇದಕ್ಕಿಂತ ಕಾಡಿದ್ದು ಕೀ ಓದುವ ಗೆಟ್‌ಚ್. ಹೆಸರುಗಳ ಪಟ್ಟಿ ಮೇಲೆ ಬಂತು, ಒಂದು ಕೀ ಒತ್ತಿದರೆ ಅದು ಹೋಗಿ ಹಿಂದಿನ ಪರದೆ ಮುಂದೆ ಬಂತು. ನಾನು ಕೀ ಓದುತ್ತಿದ್ದದ್ದು ತಳದ ಮುಖ್ಯ ವಿಂಡೋದಿಂದ. ಗೆಟ್‌ಚ್ ಸುಮ್ಮನೆ ಕೀ ಓದುವುದಿಲ್ಲ. ಯಾವ ವಿಂಡೋದಿಂದ ಓದುತ್ತೇವೋ ಆ ವಿಂಡೋದಲ್ಲಿ ಏನಾದರೂ ಬದಲಾಗಿದ್ದರೆ ಮೊದಲು ಅದನ್ನು ಪರದೆಗೆ ಬಳಿದು ಆಮೇಲೆ ಓದುತ್ತದೆ. ತಳದ ಮೂಲೆಯಲ್ಲಿ ನಾನೊಂದು ಗಡಿಯಾರ ಇಟ್ಟಿದ್ದೆ, ಸೊಗಸಿಗೆ. ನಿಮಿಷ ಬದಲಾದಾಗಲೆಲ್ಲ ತಳ ಎದ್ದು ಬಂದು ಮೇಲಿನದನ್ನು ನುಂಗುತ್ತಿತ್ತು. ಸರಿ, ಎಲ್ಲಕ್ಕಿಂತ ಮೇಲಿರುವ ವಿಂಡೋದಿಂದಲೇ ಓದೋಣ ಅಂತ ಬದಲಾಯಿಸಿದೆ. ಈಗ ಕೆಳಬಾಣ ಒತ್ತಿದರೆ ವಿಂಡೋ ಮುಚ್ಚಿಕೊಳ್ಳತೊಡಗಿತು! ಬಾಣದ ಕೀ ಟರ್ಮಿನಲ್‌ನಿಂದ ಬರುವುದು ಒಂದೇ ಸಂಕೇತವಾಗಿ ಅಲ್ಲ, ಎಸ್ಕೇಪ್‌ನಿಂದ ಶುರುವಾಗುವ ಮೂರು ಬೈಟುಗಳ ಸರವಾಗಿ. ಆ ಸರವನ್ನು ಕೂಡಿಸಿ 'ಇದು ಕೆಳಬಾಣ' ಎಂದು ಹೇಳುವ ಕೀಪ್ಯಾಡ್ ಸೌಲಭ್ಯವನ್ನು ಪ್ರತಿ ವಿಂಡೋಗೂ ಬೇರೆ ಬೇರೆಯಾಗಿ ಹಾಕಬೇಕು. ಹೊಸ ವಿಂಡೋಗೆ ಹಾಕಿರಲಿಲ್ಲ. ಅದಕ್ಕೆ ಮೊದಲು ಸಿಕ್ಕಿದ್ದು ಬರೀ ಎಸ್ಕೇಪ್, ಎಸ್ಕೇಪ್ ಅಂದರೆ ಮುಚ್ಚು. ಹೇಳಿದ್ದನ್ನೇ ಅದು ಮಾಡಿತ್ತು.

ಆ ಎಸ್ಕೇಪ್‌ನದೇ ಇನ್ನೊಂದು ಕಥೆ: ಒತ್ತಿದ ಮೇಲೆ ವಿಂಡೋ ಮುಚ್ಚಲು ಒಂದು ಸೆಕೆಂಡು ಹಿಡಿಯುತ್ತಿತ್ತು. ಇದು ಬಿಡಿ ಎಸ್ಕೇಪೋ, ಬಾಣದ ಸರದ ತಲೆಯೋ ಎಂದು ಎನ್‌ಕರ್ಸಸ್ ಕಾದು ನೋಡುವ ಹೊತ್ತದು, ಹಾಗೇ ಬಿಟ್ಟರೆ 1000 ಮಿಲಿಸೆಕೆಂಡು. 25ಕ್ಕೆ ಇಳಿಸಿದೆ. ಉಳಿಸಲು ಗುಮಾಸ್ತರಿಗೆ ಎಫ್10 ರೂಢಿ, ಗ್ನೋಮ್ ಟರ್ಮಿನಲ್ ಅದನ್ನು ತನ್ನ ಮೆನುಗೆ ಕಸಿದುಕೊಳ್ಳುತ್ತಿತ್ತು. ಸೆಟ್ಟಿಂಗ್‌ನಲ್ಲಿ ತೆಗೆದೆ. ಕಂಟ್ರೋಲ್ ಎಸ್ ತಾಗಿದರೆ ಪರದೆ ಕಲ್ಲಾಗುತ್ತಿತ್ತು, ಕಂಟ್ರೋಲ್ ಕ್ಯೂ ಒತ್ತುವವರೆಗೆ. ಅದೂ ಟೆಲಿಟೈಪ್ ಕಾಲದ ಪಳೆಯುಳಿಕೆ, ಕೀಗಳನ್ನು ಇದ್ದ ಹಾಗೇ ಪ್ರೋಗ್ರಾಮಿಗೆ ಕೊಡುವ ರಾ ಮೋಡ್ ಹಾಕಿದರೆ ಸರಿ. ಪ್ರೋಗ್ರಾಮು ಮಧ್ಯದಲ್ಲಿ ಸತ್ತರೆ ಟೈಪ್ ಮಾಡಿದ್ದು ಕಾಣದ ಟರ್ಮಿನಲ್ ಉಳಿಯುತ್ತದೆ. ಒಮ್ಮೆ ಫೋನಿನಲ್ಲಿ ಗುಮಾಸ್ತರಿಗೆ 'ರಿಸೆಟ್' ಎಂಬ ಐದು ಇಂಗ್ಲಿಷ್ ಅಕ್ಷರ ಹೇಳಿ ಕುರುಡಾಗಿ ಹೊಡೆಸಿದೆ. ಕರ್ಸಸ್‌ನ ರ‍್ಯಾಪರ್ ಒಳಗಿಟ್ಟು ಓಡಿಸಿದರೆ, ಪ್ರೋಗ್ರಾಮು ಸತ್ತರೂ ಅದು ಟರ್ಮಿನಲ್ಲನ್ನು ಮೊದಲಿನಂತೆ ಮಾಡುತ್ತದೆ, ಈ ಗೋಳಿಲ್ಲ ಅಂತ ಆಮೇಲೆ ಬುದ್ಧಿ ಬಂತು.

ನಿಜವಾದ ತಪ್ಪು ಮಾಡಿದ್ದು ಇಲ್ಲಿ. 'ಪಟ್ಟಿ ರದ್ದು ಮಾಡಲೇ?' ಎಂದು ಕೇಳುವ ಒಂದು ವಿಂಡೋ ಇತ್ತು. ಮುಂಚೆಯೇ ಒತ್ತಿ ಕ್ಯೂ ನಿಂತ ಎಂಟರ್ ಅದಕ್ಕೆ ಬಡಿದು ಪಟ್ಟಿ ಅಳಿಸಿಹೋದರೆ? ಆ ಭಯಕ್ಕೆ, ಯಾವುದೇ ವಿಂಡೋ ತೆರೆದ ಕೂಡಲೇ ಕ್ಯೂ ಖಾಲಿ ಮಾಡುವ ಫ್ಲಶ್‌ಇನ್‌ಪ್ ಕರೆಯನ್ನು ಸೇರಿಸಿದೆ. ನನ್ನ ಮೇಜಿನ ಮೇಲೆ ಎಲ್ಲ ಸರಿಯಾಗಿತ್ತು. ನಾನು ಪರದೆ ನೋಡುತ್ತಾ ಟೈಪ್ ಮಾಡುವವನು, ನನ್ನ ಕ್ಯೂ ಯಾವಾಗಲೂ ಖಾಲಿ.

ಮಂಡಿಯಲ್ಲಿ ಎರಡನೇ ದಿನವೇ ಒಬ್ಬ ರೈತರು ಪಟ್ಟಿ ವಾಪಸ್ ತಂದರು. 'ಇದು ನಂದಲ್ಲ ಕಣಣ್ಣ, ಊರೇ ಬೇರೆ ಐತೆ.' ಒಂದೇ ಹೆಸರಿನ ಇಬ್ಬರು, ಒಬ್ಬರು ಕೆರಗೋಡಿನವರು, ಒಬ್ಬರು ದುದ್ದದವರು. ಇಬ್ಬರೂ ಅಂದು ಕುರಿಕಾಲಚ್ಚು ಬೆಲ್ಲವನ್ನೇ ತಂದಿದ್ದರು. ಗುಮಾಸ್ತರು ತಾನು ಸರಿಯಾಗೇ ಒತ್ತಿದ್ದು ಅಂದರು. ನಾನು ಮನಸ್ಸಿನಲ್ಲಿ ನಂಬಲಿಲ್ಲ. ಪಕ್ಕದಲ್ಲಿ ಕೂತು ಅವರ ಬೆರಳನ್ನೇ ನೋಡಿದೆ. ಹೆಸರಿನ ಎರಡಕ್ಷರ, ಎಂಟರ್, ಕೆಳಬಾಣ, ಎಂಟರ್, ಒಂದೇ ಉಸಿರಿನಲ್ಲಿ. ಅವರಿಗೆ ಗೊತ್ತು ದುದ್ದದವರು ಎರಡನೆಯ ಸಾಲು ಎಂದು, ಹೆಸರುಗಳ ಪಟ್ಟಿ ತೆರೆಯಲಿ ಎಂದು ಯಾಕೆ ಕಾಯಬೇಕು? ಹಳೆಯ ಹಾರ್ಡ್ ಡಿಸ್ಕಿನಿಂದ ಹೆಸರು ಹುಡುಕಿ ತರುವಷ್ಟರಲ್ಲಿ ಕೆಳಬಾಣ ಬಂದು ಕ್ಯೂನಲ್ಲಿ ನಿಂತಿತ್ತು. ವಿಂಡೋ ತೆರೆಯಿತು, ಫ್ಲಶ್ ಆಯಿತು, ಕೆಳಬಾಣ ಹೋಯಿತು. ಅದರ ಬೆನ್ನಿಗೆ ಬಂದ ಎಂಟರ್ ಉಳಿದು ಮೊದಲನೆಯ ಸಾಲಿಗೆ ಬಿತ್ತು. ಬ್ರೌಸರ್‌ನವರು ಮಾಡಿದ್ದನ್ನೇ ನಾನೂ ಮಾಡಿಟ್ಟಿದ್ದೆ, ಇಷ್ಟೆಲ್ಲ ಕೊಚ್ಚಿಕೊಂಡು. ಡಿಸ್ಕ್ ಬೇಗ ಉತ್ತರ ಕೊಟ್ಟ ದಿನ ಎಲ್ಲ ಸರಿ, ಕೊಡದ ದಿನ ತಪ್ಪು. ಇಂಥ ದೋಷ ಹಿಡಿಯುವುದು ಹಾವು ಹಿಡಿದ ಹಾಗೆ.

ಫ್ಲಶ್ ಅನ್ನು ಎಲ್ಲ ಕಡೆಯಿಂದ ಕಿತ್ತೆ. ರದ್ದು ಮಾಡುವ ವಿಂಡೋದಲ್ಲಿ ಎಂಟರ್‌ಗೆ ಬೆಲೆಯೇ ಇಲ್ಲದಂತೆ ಮಾಡಿದೆ. ಆ ಪಟ್ಟಿಯ ನಂಬರನ್ನು ಪೂರ್ತಿ ಟೈಪ್ ಮಾಡಿದರಷ್ಟೇ ರದ್ದು. ಅದೊಂದು ಕಡೆ ಗುಮಾಸ್ತರು ತಲೆ ಎತ್ತಲೇಬೇಕು.

ಕನ್ನಡದ ವಿಷಯಕ್ಕೆ ಬರುತ್ತೇನೆ. ಹಳೆಯದರಲ್ಲಿ ಹೆಸರೆಲ್ಲ ಇಂಗ್ಲಿಷಿನಲ್ಲಿತ್ತು. 'ಈ ಸತಿ ಕನ್ನಡ್ದಲ್ಲೇ ಕಾಣ್ಲಿ, ರೈತ್ರು ಬಗ್ಗಿ ನೋಡ್ತಾರೆ' ಅಂದರು ಮಾವ. ಡೆಸ್ಕ್‌ಟಾಪೇ ಇಲ್ಲದೆ ನೇರ ಲಿನಕ್ಸ್ ಕನ್ಸೋಲ್‌ನಲ್ಲಿ ಓಡಿಸುವ ಆಸೆ ಅಲ್ಲಿಗೇ ಬಿತ್ತು. ಆ ಕನ್ಸೋಲ್‌ನ ಫಾಂಟಿನಲ್ಲಿ ಹಿಡಿಸುವುದೇ ಹೆಚ್ಚೆಂದರೆ 512 ಆಕಾರ, ಒತ್ತಕ್ಷರ ಕೂಡಿಸುವ ಬುದ್ಧಿಯೂ ಅದಕ್ಕಿಲ್ಲ. ಹಾಗಾಗಿ ಪರದೆ ತುಂಬ ಒಂದೇ ಟರ್ಮಿನಲ್ ತೆರೆದುಕೊಳ್ಳುವಂತೆ ಮಾಡಿದೆ. ಹೆಸರುಗಳು ಬಂದವು, ಜೊತೆಗೆ ಬಲಗಡೆಯ ಗೆರೆ ಸಾಲು ಸಾಲಿಗೂ ಅತ್ತಿತ್ತ ಹಾವಿನಂತೆ ಹರಿಯಿತು.

'ಮಂಡ್ಯ' ಅನ್ನುವುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಎರಡಕ್ಷರ. ಯುನಿಕೋಡ್‌ನಲ್ಲಿ ಐದು: ಮ, ಸೊನ್ನೆ, ಡ, ವಿರಾಮ (ಒತ್ತಕ್ಷರ ಮಾಡಿಸುವ ಗುರುತು), ಯ. ಟರ್ಮಿನಲ್ ಎಂಬುದು ಚೌಕುಳಿ ಕಾಗದ, ಪ್ರತಿಯೊಂದಕ್ಕೂ ಇಂತಿಷ್ಟು ಮನೆ ಎಂದು ಕೊಡಲೇಬೇಕು. ವಿರಾಮಕ್ಕೆ ಮನೆಯಿಲ್ಲ ಅನ್ನುವುದರಲ್ಲಿ ತಕರಾರಿಲ್ಲ. ಸೊನ್ನೆಗೆ ಒಂದು ಮನೆ ಕೊಡಬೇಕೋ ಬೇಡವೋ? ಎನ್‌ಕರ್ಸಸ್ ಸಿ ಲೈಬ್ರರಿಯನ್ನು ಕೇಳುತ್ತದೆ, ಟರ್ಮಿನಲ್ ತನ್ನದೇ ಕೋಷ್ಟಕ ನೋಡುತ್ತದೆ. ಒಬ್ಬರು ಮೂರು ಮನೆ ಅಂದರೆ ಇನ್ನೊಬ್ಬರು ನಾಲ್ಕು. ಹೆಸರು ಉದ್ದವಾದಷ್ಟೂ ಮನಸ್ತಾಪ ಹೆಚ್ಚು. ಮೇಲಿಂದ ಆ ಜಿಪುಣತನ: ಹಳೆಯ ಹೆಸರಿನ ಜಾಗಕ್ಕೆ ಹೊಸದು ಬಂದಾಗ ಎನ್‌ಕರ್ಸಸ್ ವ್ಯತ್ಯಾಸವಿದ್ದ ಮನೆಗಳನ್ನಷ್ಟೇ ತಿದ್ದುತ್ತದೆ. ಮನೆಯ ಲೆಕ್ಕವೇ ತಪ್ಪಿರುವಾಗ ಹಳೆಯ ಹೆಸರಿನ ಬಾಲ ಹೊಸದಕ್ಕೆ ಅಂಟಿಕೊಂಡು ಊರಿನಲ್ಲೇ ಇಲ್ಲದ ಹೆಸರುಗಳು ಹುಟ್ಟುತ್ತಿದ್ದವು.

ನನ್ನದೇ ಅಗಲದ ಕೋಷ್ಟಕ ಮಾಡಿ ನೋಡಿದೆ. ಒಂದು ಟರ್ಮಿನಲ್‌ಗೆ ಹೊಂದಿದರೆ ಇನ್ನೊಂದಕ್ಕೆ ಕೆಟ್ಟಿತು. ಎರಡು ವಾರ ಹೀಗೇ ಗುದ್ದಾಡಿ ಕೊನೆಗೆ ಜಗಳಕ್ಕೆ ಎಡೆಯೇ ಇಲ್ಲದ ಹಾಗೆ ಪರದೆಯನ್ನೇ ಜೋಡಿಸಿದೆ. ಕೋಡ್, ಲಾಟು, ತೂಕ, ದರ ಎಲ್ಲ ಅಂಕಿಗಳು ಎಡಕ್ಕೆ. ಕನ್ನಡದ ಹೆಸರು ಎಲ್ಲಕ್ಕಿಂತ ಬಲಕ್ಕೆ, ಅದರಾಚೆ ಏನೂ ಇಲ್ಲ, ಗೆರೆಯೂ ಇಲ್ಲ. ಹೆಸರಿರುವ ಸಾಲು ಬದಲಾದಾಗ ರಿಡ್ರಾಎಲ್ಎನ್ ಎಂಬ ಕರೆಯಿಂದ 'ಈ ಸಾಲು ಕೆಟ್ಟಿದೆ, ಇಡೀ ಹೊಸದಾಗಿ ಬರೆ' ಎಂದು ಹೇಳುತ್ತೇನೆ. ಆಯ್ದ ಸಾಲಿಗೆ ಬಣ್ಣದ ಪಟ್ಟೆ ಬಿಟ್ಟು ಎಡಗಡೆ ಬಾಣದ ಗುರುತು. ಹೊಸ ರೈತರ ಹೆಸರು ಟೈಪ್ ಮಾಡುವುದನ್ನು ಟರ್ಮಿನಲ್‌ಗೆ ತರಲೇ ಇಲ್ಲ, ಸಂಜೆ ಸ್ಪ್ರೆಡ್‌ಶೀಟ್‌ನಲ್ಲಿ ಸೇರಿಸಿ ಒಳಗೆಳೆದುಕೊಳ್ಳುತ್ತಾರೆ. ಸೋಲು ಅಂದರೂ ಸರಿ.

ಮಾವ ಬಂದು ನೋಡಿದರು. 'ಮೂರ್ ಕಡೆ ಗೋಡೆ ಕಟ್ಟಿದ್ದೀಯ, ಆ ಕಡೆ ಯಾಕ್ಲಾ ಬುಟ್ಟೆ?'

ಗುಮಾಸ್ತರು ಚೀಟಿಯಿಂದ ತಲೆ ಎತ್ತದೆ, 'ಗಾಳಿ ಆಡ್ಲಿ ಬುಡಿ ಅಣ್ಣ' ಅಂದರು.

ಫ್ಲಶ್ ಅವಾಂತರದ ಮೇಲೆ ನನ್ನ ಬೆರಳನ್ನು ನಂಬಿ ಪರೀಕ್ಷೆ ಮಾಡುವುದನ್ನು ಬಿಟ್ಟೆ. ಗುಮಾಸ್ತರನ್ನು ಕೇಳಿ, ಅವರು ಒತ್ತುವ ಪ್ರತಿ ಕೀಯನ್ನೂ ಹೊತ್ತಿನ ಸಮೇತ ಒಂದು ಫೈಲಿಗೆ ಬರೆಯುವಂತೆ ಮಾಡಿದೆ. ಏನಾದರೂ ಬದಲಿಸಿದಾಗ ಮೈಸೂರಿನ ಮನೆಯಲ್ಲಿ ಟಿಮಕ್ಸ್‌ನೊಳಗೆ (ಟರ್ಮಿನಲ್ ಒಳಗೆ ಇನ್ನೊಂದು ಟರ್ಮಿನಲ್ ನಡೆಸುವ ಸಾಧನ) ಪ್ರೋಗ್ರಾಮು ಓಡಿಸಿ, ಒಂದು ದಿನದ ಕೀಗಳನ್ನೆಲ್ಲ ಬಿಡುವೇ ಕೊಡದೆ ಒಟ್ಟಿಗೆ ಸುರಿಯುತ್ತೇನೆ. ದಿನದ ಮೊತ್ತ ಪೈಸೆಗೆ ಪೈಸೆ ಹೊಂದಿದರೆ ಮಂಡ್ಯಕ್ಕೆ ಕಳಿಸುತ್ತೇನೆ.

ಆ ಫೈಲುಗಳನ್ನು ನೋಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ದರ ಹಾಕಿದ ಮೇಲೆ ಗುಮಾಸ್ತರು ಬಹಳ ಸಲ ಎಂಟರ್ ಎರಡು ಬಾರಿ ಒತ್ತುತ್ತಾರೆ. ಎರಡನೆಯದು ಹಮಾಲಿಯ ಖಾನೆಗೆ ಬಿದ್ದು ಅದನ್ನು ದಾಟಿಸುತ್ತಿತ್ತು. ಅವರು ಬೈದುಕೊಂಡು ಹಿಂದೆ ಬರುತ್ತಿದ್ದರು. ಕೇಳಿದರೆ, 'ನಾನ್ಯಾಕ್ ಎಲ್ಡ್ ಸತಿ ಒತ್ತಾನೆ ಸಾ' ಅಂದರು. ಮಾವನನ್ನು ವಿಚಾರಿಸಿದ ಮೇಲೆ ಗೊತ್ತಾಯಿತು, ಫಾಕ್ಸ್‌ಪ್ರೊ ಪ್ರೋಗ್ರಾಮಿನಲ್ಲಿ ದರದ ಪಕ್ಕದಲ್ಲಿ ಬೆಲ್ಲದ ಬಣ್ಣ ಬರೆಯುವ ಖಾನೆಯೊಂದಿತ್ತಂತೆ. ಯಾರೂ ತುಂಬುತ್ತಿರಲಿಲ್ಲ, ಎಂಟರ್ ಒತ್ತಿ ದಾಟುತ್ತಿದ್ದರು.

ಈಗ ನನ್ನದರಲ್ಲೂ ಆ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಖಾನೆ ಇದೆ. ಎಂಟರ್ ಬಂದರೆ ನುಂಗಿಕೊಂಡು ಸುಮ್ಮನಿರುತ್ತದೆ. ಬೇರೆ ಕೀ ಬಂದರೆ ಅದನ್ನು ಕ್ಯೂನ ತಲೆಗೆ ವಾಪಸ್ ಇಟ್ಟು ಹಮಾಲಿಗೆ ದಾರಿ ಬಿಡುತ್ತದೆ. ಗುಮಾಸ್ತರಿಗೆ ಹೇಳಿಲ್ಲ.