ಗೈಡ್ ಬಿಟ್ಟು ಇಗ್ಬೊ ಊರಿಗೆ ಹೋದದ್ದು

ಇಗ್ಬೊ ಊರು, ಅಂದರೆ ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊ ಜನರ ಊರು, ನೋಡಬೇಕು ಅಂದರೆ ಲಾಗೋಸ್‌ನಲ್ಲಿರುವ ನಮ್ಮ ಕನ್ನಡದವರು ಎರಡೇ ಮಾತು ಹೇಳುತ್ತಾರೆ. ಹೋಗಲೇಬೇಡಿ, ಇಲ್ಲಾಂದ್ರೆ ಗೈಡ್ ಹಿಡಿದು ಹೋಗಿ. ನಾನು ಗೈಡ್ ಹಿಡಿದೂ ನೋಡಿದೆ, ಬಿಟ್ಟೂ ನೋಡಿದೆ. "ಅರ್ಧ ದಾರಿಯಿಂದ ಫೋನ್ ಮಾಡ್ತೀಯಾ ನೋಡು" ಅಂದಿದ್ದ ನನ್ನ ಗಂಡ ಈಗ ಕಂಡಕಂಡವರಿಗೆಲ್ಲ ನನ್ನ ನಂಬರ್ ಕೊಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಯೆಲ್ಲೋ ಕಾರ್ಡ್ (ಹಳದಿ ಜ್ವರದ ಲಸಿಕೆ ಪತ್ರ), ವೀಸಾ, ಲಾಗೋಸ್ ಟ್ರಾಫಿಕ್ ಇದೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟಿದ್ದೇನೆ.

ಮೊದಲು ಪ್ಯಾಕೇಜ್ ಕಥೆ. ಸುಮಾರು ಆರೂವರೆ ಲಕ್ಷ ನೈರಾ ಸುರಿದೆವು, ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡಲ್ಲಿ 36-37 ಸಾವಿರ ರೂಪಾಯಿ. ಆ ಗೈಡ್ ಮಹಾಶಯ ನಮ್ಮನ್ನು ಭಾನುವಾರ ಸಂಜೆ ಇಗ್ಬೊ ಸೀಮೆಯ ಆವ್ಕಾ ಪಟ್ಟಣಕ್ಕೆ ತಂದು ಬಿಟ್ಟ. ಮಾರನೇ ದಿನ ಸೋಮವಾರ. 2021ರ ಆಗಸ್ಟ್‌ನಿಂದ ಆ ಕಡೆ ಸೋಮವಾರ ಅಂದರೆ 'ಸಿಟ್ ಅಟ್ ಹೋಮ್', ಪ್ರತ್ಯೇಕತಾವಾದಿಗಳು ಕರೆ ಕೊಟ್ಟಿದ್ದ ಬಂದ್, ಅಂಗಡಿ ಇರಲಿಲ್ಲ, ಗಾಡಿ ಇರಲಿಲ್ಲ. ಇಡೀ ದಿನ ಹೋಟೆಲ್ ರೂಮಲ್ಲಿ ಕೂತು ನೂಡಲ್ಸ್ ತಿಂದೆವು, ಅದರ ಬಿಲ್ ಬೇರೆ. ಮಂಗಳವಾರ ಹೋಟೆಲ್ ಅಂಗಳದಲ್ಲೇ ಒಂದು ಡ್ಯಾನ್ಸ್ ಮಾಡಿಸಿದ. ಅಲ್ಲಿ ಅತಿಥಿಗಳಿಗೆ ಒಡೆದು ಕೊಡುವ ಕೋಲಾ ಕಾಯಿ ಅಂತ ಪ್ಲಾಸ್ಟಿಕ್ ಕವರಲ್ಲಿ ಒಂದೊಂದು ಕೈಗಿಟ್ಟ. ಇಗ್ಬೊ-ಉಕ್ವುಗೂ ಕರೆದುಕೊಂಡು ಹೋದ. 1930ರ ದಶಕದ ಕೊನೆಯಲ್ಲಿ ಐಸಯಾ ಅನೋಜಿ ಅನ್ನುವವರು ಮನೆ ಪಕ್ಕ ಅಗೆಯುವಾಗ ಕಂಚಿನ ಸಾಮಾನು ಸಿಕ್ಕಿತಲ್ಲ, 9ನೇ ಶತಮಾನದ್ದು ಅಂತಾರಲ್ಲ, ಆ ಊರು. ಕಂಚು ನೋಡೋಕೆ ಅಲ್ಲಿಯವರೆಗೆ ಹೋಗಬೇಕಿಲ್ಲ, ಅದರಲ್ಲಿ ಬಹಳಷ್ಟು ಲಾಗೋಸ್‌ನ ಒನಿಕಾನ್ ಮ್ಯೂಸಿಯಂಗೆ ಸೇರಿದ್ದು. ಊರು ನೋಡಬೇಕಾದರೆ ಊರವರ ಮನೆಯಲ್ಲಿ ಇರಬೇಕು, ನಾವು ನೋಡಿದ್ದು ಕಾರಿನ ಕಿಟಕಿಯಿಂದ.

ಈ ಸಲ ನಾನು ಹಿಡಿದದ್ದು ಎರಡು ವಿಷಯ. ದಿನ ಮತ್ತು ಬಟ್ಟೆ.

ದಿನದ ಲೆಕ್ಕ ಹೀಗೆ. ಅವರ ವಾರಕ್ಕೆ ನಾಲ್ಕೇ ದಿನ: ಎಕೆ, ಓರಿಯೆ, ಅಫೊ, ನ್ಕ್ವೊ. ಪ್ರತಿ ಊರಿಗೂ ಇವುಗಳಲ್ಲಿ ಒಂದು ಸಂತೆ ದಿನ. ಆ ದಿನ ಊರು ತುಂಬಿರುತ್ತೆ. ಬೇರೆ ದಿನ ಹೋದರೆ ಗೇಟು ಹಾಕಿದ ದೊಡ್ಡ ದೊಡ್ಡ ಮನೆಗಳು, ಕಾವಲಿನವನು, ಅಷ್ಟೇ. ನಮಗೆ ರಜೆ ಶನಿವಾರ, ಭಾನುವಾರ. ಅವರ ನಾಲ್ಕು ದಿನದ ವಾರದ ಸಂತೆ ನಮ್ಮ ಏಳು ದಿನದ ವಾರದ ಅದೇ ದಿನಕ್ಕೆ ಮತ್ತೆ ಬರೋದು 28 ದಿನಕ್ಕೊಮ್ಮೆ. ಊರಿಂದ ಅಮ್ಮ ಕಳಿಸಿದ್ದ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ, ನಾನು ಹೋಗಬೇಕಿದ್ದ ಊರಿನ ಸಂತೆ ದಿನವಾದ ನ್ಕ್ವೊ ಬರುವ ದಿನಗಳನ್ನೆಲ್ಲ ಗುರುತು ಹಾಕಿದೆ. ಆಗಸ್ಟ್‌ನಲ್ಲಿ ಒಂದು ಶನಿವಾರ ಕೂಡಿಬಂತು. ಎಷ್ಟೋ ವರ್ಷದಿಂದ ಇಲ್ಲಿರುವವರಿಗೂ ಈ ಲೆಕ್ಕ ಹೊಳೆದಿರಲಿಲ್ಲ, ಅದನ್ನು ನಾನು ಹೇಳಿಕೊಳ್ಳಲೇಬೇಕು.

ಆಗಸ್ಟೇ ಯಾಕೆ? ಮದುವೆಯಾಗಿ ಒಂದು ಊರಿಗೆ ಬಂದ ಹೆಂಗಸರೆಲ್ಲ ಎಲ್ಲಿದ್ದರೂ ಆಗ ಊರಿಗೆ ಬಂದು ಸಭೆ ಸೇರುತ್ತಾರೆ, 'ಆಗಸ್ಟ್ ಮೀಟಿಂಗ್' ಅಂತಲೇ ಹೆಸರು. ಊರಿನ ಆಸ್ಪತ್ರೆ, ರಸ್ತೆ, ಜಗಳ ಎಲ್ಲ ಅಲ್ಲೇ ತೀರ್ಮಾನ. ನಮ್ಮ ಆಫೀಸಿನ ಅಕೌಂಟ್ಸ್‌ನಲ್ಲಿ ಹಿರಿಯಾಕೆ ಒಬ್ಬರಿದ್ದಾರೆ, ನಾವೆಲ್ಲ ಆಂಟಿ ಅಂತೀವಿ. ಅವರ ಗಂಡನ ಊರು ಇಗ್ಬೊ-ಉಕ್ವುವಿನಿಂದ ಅರ್ಧ ಗಂಟೆ. (ಹೆಸರು ಬೇಡ ಅಂದಿದ್ದಾರೆ.) ನಾನು ಅವರನ್ನು ಊರು ತೋರಿಸಿ ಅಂತ ಕೇಳಲಿಲ್ಲ. "ಆಂಟಿ, ಸಭೆಗೆ ಎಲ್ಲರೂ ಹಾಕುವ ಈ ವರ್ಷದ ಯೂನಿಫಾರ್ಮ್ ಬಟ್ಟೆ ನನಗೂ ಒಂದು ತರಿಸಿ" ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಜೋರಾಗಿ ನಕ್ಕರು. ಬಟ್ಟೆಗೆ 30 ಸಾವಿರ ನೈರಾ ಇರಬೇಕು, ಹೊಲಿಗೆ ಬೇರೆ. ಅದು ಮೈಮೇಲೆ ಇದ್ದದ್ದಕ್ಕೆ ಊರಲ್ಲಿ ಯಾರೂ ನನ್ನನ್ನು ಬದಿಗೆ ಕುರ್ಚಿ ಹಾಕಿ ಕೂರಿಸಲಿಲ್ಲ. ಪಾತ್ರೆ ತೊಳೆಯೋಕೆ ಕರೆದರು. ಆಂಟಿಯ ಅತ್ತೆಗೆ ಏನು ಒಯ್ದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

ಕೋಲಾ ಕಾಯಿ, ಅವರ ಓಜಿ, ಒಡೆಯೋದನ್ನ ಆಗ ಸರಿಯಾಗಿ ನೋಡಿದೆ. ಮರದ ತಟ್ಟೆ ಮನೆ ಯಜಮಾನನ ಕೈಯಿಂದ ಹೊರಟು, ಬಂದವರ ಗುಂಪು ಗುಂಪಿಗೆ ತೋರಿಸುತ್ತಾ ಹೋಗಿ, ತಿರುಗಿ ಅವನ ಕೈಗೇ ಬರುತ್ತೆ. ಯಾರೂ ಮುಟ್ಟಿ ಎತ್ತಿಕೊಳ್ಳಲ್ಲ. ಆಮೇಲೆ ಹಿರಿಯಜ್ಜನ ಪ್ರಾರ್ಥನೆ, ಇಗ್ಬೊದಲ್ಲೇ, ಓಜಿಗೆ ಇಂಗ್ಲಿಷ್ ಬರಲ್ಲವಂತೆ. ಒಂದೊಂದು ಸಾಲಿಗೂ ಎಲ್ಲರೂ "ಇಸೇ" (ಆಮೆನ್ ಇದ್ದ ಹಾಗೆ) ಅನ್ನಬೇಕು. ನಾನು ಒಂದು ಕಡೆಯೂ ತಪ್ಪಲಿಲ್ಲ, ಕಾರಲ್ಲಿ ದಾರಿಯುದ್ದಕ್ಕೂ ಆಂಟಿ ಹತ್ತಿರ ಪ್ರಾಕ್ಟೀಸ್ ಮಾಡಿದ್ದೆ. ಹೆಂಗಸರು ಓಜಿ ಒಡೆಯುವ ಹಾಗಿಲ್ಲ, ಅದಕ್ಕೆ ನನ್ನ ತಕರಾರು ಇದ್ದೇ ಇದೆ. ಅಜ್ಜ ಉಗುರಿನಿಂದ ಸಂದು ಹುಡುಕಿ ಬಿಡಿಸಿದರು, ನಾಲ್ಕು ಹೋಳು ಬಂತು. ನಾಲ್ಕು ಸಂತೆ ದಿನ, ಒಳ್ಳೆಯ ಲಕ್ಷಣ ಅಂತ ಎಲ್ಲರಿಗೂ ಖುಷಿ. ಗೈಡ್ ಕೊಟ್ಟಿದ್ದು ಎರಡೇ ಹೋಳಿನ ಗ್ವೊರೊ ಅನ್ನುವ ಬೇರೆ ಜಾತಿಯ ಕೋಲಾ ಅಂತ ನನಗೆ ಗೊತ್ತಾದದ್ದು ಅಲ್ಲೇ. ಈ ಶಾಸ್ತ್ರಕ್ಕೆ ಅದು ನಡೆಯಲ್ಲ. ಕಾಯಿ ಕಹಿ, ಒಗರು. ಜತೆಗೆ ಕೊಡುವ ಕಡಲೆಕಾಯಿ-ಮೆಣಸಿನ ಚಟ್ನಿಯನ್ನು ಮಾತ್ರ ನಾನು ಎರಡು ಸಲ ಹಾಕಿಸಿಕೊಂಡೆ.

ಅದೇ ವಾರ ಅವರಲ್ಲಿ ಹೊಸ ಹೆಗ್ಗೆಣಸಿನ ಹಬ್ಬ, ಇರಿ ಜಿ. ಹಿರಿಯರು ಮೊದಲು ತಿನ್ನದೆ ಊರಲ್ಲಿ ಯಾರೂ ಹೊಸ ಗೆಣಸು ಬಾಯಿಗಿಡಲ್ಲ. ಚರ್ಚಲ್ಲೂ ಪಾದ್ರಿಗಳು ಗೆಣಸಿಗೆ ಆಶೀರ್ವಾದ ಮಾಡಿದರು. ನನಗೆ ನಮ್ಮ ಮಂಗಳೂರಿನ ಮೊಂತಿ ಹಬ್ಬದ ತೆನೆ, ಹೊಸ ಅಕ್ಕಿ ಊಟ ಕಣ್ಣಮುಂದೆ ಬಂತು. ಕೆಂಡದಲ್ಲಿ ಸುಟ್ಟು, ಕಪ್ಪು ಸಿಪ್ಪೆ ಚಾಕುವಿನಿಂದ ಕೆರೆದು, ಬಿಸಿಬಿಸಿ ತುಂಡನ್ನು ಉಪ್ಪು-ಮೆಣಸು ಹಾಕಿದ ಕೆಂಪು ತಾಳೆ ಎಣ್ಣೆಗೆ ಅದ್ದಿ ತಿನ್ನೋದು. ಓಹಾ ಸೊಪ್ಪಿನ ಸಾರು, ಮೇಕೆ ತಲೆಯ ಇಸಿ ಎವು ಎಲ್ಲ ಲಾಗೋಸ್‌ನಲ್ಲೂ ಸಿಗುತ್ತೆ. ಇದರ ರುಚಿ ಅಲ್ಲೇ.

ಮುಖವಾಡದವರು, ಮ್ಮಾನ್‌ವು, ಬಂದಾಗ ಹೆಂಗಸರು ದೂರ ನಿಲ್ಲಬೇಕು. ಬೆತ್ತ ಹಿಡಿದ ಹುಡುಗರು ಓಡಿಸಿಕೊಂಡೇ ಬರುತ್ತಾರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಇಜೆಲೆ ಮುಖವಾಡ, ಸುಮಾರು ನಾಲ್ಕು ಮೀಟರ್ ಎತ್ತರದ್ದು, ಆ ಊರಲ್ಲಿ ಬರಲಿಲ್ಲ. ಕುಣಿಯುವವರಿಗೆ ಕೊಡೋಕೆ 200, 500ರ ನೋಟು ಬೇರೆ ಇಟ್ಟುಕೊಂಡಿರಿ. ಆದರೆ ಅವರ ಮೇಲೆ ನೋಟು ಎರಚಬೇಡಿ, ಕಾನೂನಿನಲ್ಲಿ ಅಪರಾಧ, ಜೈಲಿಗೆ ಹೋದವರಿದ್ದಾರೆ. ಲಕೋಟೆಯಲ್ಲಿ ಹಾಕಿ ಕೊಡಿ.

ನಡುವೆ ಒಂದು ಸೈಡ್ ಕೆಲಸ. ಮರದಿಂದ ಇಳಿಸಿದ ತಾಜಾ ಕಳ್ಳು ಕಣ್ಣಿಗೆ ಬಿದ್ದ ಮೇಲೆ ಮಂಗಳೂರಿನವಳು ಸುಮ್ಮನಿರೋದು ಹೇಗೆ? ಆಂಟಿ ಅಡುಗೆಮನೆಯಲ್ಲಿ ಸನ್ನ (ಕಳ್ಳು ಹಾಕಿ ಉಬ್ಬಿಸುವ ನಮ್ಮ ಕಡೆಯ ಇಡ್ಲಿ) ಮಾಡಲು ಹೊರಟೆ. ಬೆಳಗಿನ ಕಳ್ಳು ಬರೀ ಸಿಹಿ, ಹಿಟ್ಟು ಉಬ್ಬಲೇ ಇಲ್ಲ, ಕಲ್ಲಾಯಿತು. ರಾತ್ರಿಯದು ಹುಳಿ ಹೆಚ್ಚಾಯಿತು. ಮಧ್ಯಾಹ್ನದ ಹೊತ್ತಿನ ಕಳ್ಳು ಹಾಕಿದ್ದು ಚೆನ್ನಾಗಿ ಉಬ್ಬಿತು. ಅವರು ಮೊಯಿ ಮೊಯಿ (ರುಬ್ಬಿದ ಕಾಳಿನ ಕಡುಬು) ಬೇಯಿಸುವ ಅಲ್ಯೂಮಿನಿಯಂ ಬಟ್ಟಲಿನಲ್ಲೇ ಹಬೆಗಿಟ್ಟೆ. ಅಕ್ಕಿಗೂ ಕಳ್ಳಿಗೂ ಅಳತೆ ಎಷ್ಟು ಅಂತ ಆಂಟಿಗೂ ಹೇಳಿಲ್ಲ. ಒನುಗ್ಬು ಅನ್ನುವ ಕಹಿ ಸೊಪ್ಪಿನ ಸಾರಿಗೆ ಸನ್ನ ಅದ್ದಿ ಅಜ್ಜ ಐದಾರು ತಿಂದರು.

ಖರ್ಚು ನೆನಪಿದ್ದಷ್ಟು: ವಿಮಾನ ಹೋಗಿ ಬರಲು ಎರಡೂಕಾಲು ಲಕ್ಷ ನೈರಾ, ಬಿಯರ್, ಮಾಲ್ಟ್, ಒಂದು ಸ್ನಾಪ್ಸ್ (ಜಿನ್‌ನಂಥ ಮದ್ಯ) ಬಾಟಲಿಗೆ 50 ಸಾವಿರದ ಆಸುಪಾಸು, ಬಟ್ಟೆ, ಲಕೋಟೆ. ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿಲ್ಲ, ಆಗಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 20 ಸಾವಿರ ರೂಪಾಯಿ. ಮನೆಯಲ್ಲಿ ಉಳಿದುಕೊಂಡಿದ್ದಕ್ಕೆ ಕಾಸು ತಗೊಳ್ಳಲ್ಲ. ಕೊಡಲು ಹೋಗಿ ಬೈಸಿಕೊಳ್ಳಬೇಡಿ, ಸಭೆಯ ಚಂದಾ ಡಬ್ಬಿಗೆ ಹಾಕಿ. ನಾನು ಭಾನುವಾರ ಮಧ್ಯಾಹ್ನವೇ ಹೊರಟೆ, ಸೋಮವಾರದ ಬಂದ್‌ಗೆ ಸಿಕ್ಕಿಕೊಳ್ಳಲಿಲ್ಲ.

ಅಕ್ಟೋಬರ್‌ನಲ್ಲಿ ಒನಿಚಾದ ಅರಸರ ಓಫಾಲಾ ನೋಡೋಕೆ ಈ ಲೆಕ್ಕ ಯಾವುದೂ ಬೇಡ. ಅದು ದೊಡ್ಡ ಜಾತ್ರೆ, ಯಾರು ಬೇಕಾದರೂ ಹೋಗಬಹುದು. ರೂಮ್ ಮಾತ್ರ ಮೊದಲೇ ಹಿಡಿದಿಡಿ.