ಒಂದು ಮ್ಯಾಕ್ರೋ ಮತ್ತು 4 ಜಿಬಿ ದಾಟಿದ ಫೈಲ್

ಲಿನಕ್ಸ್‌ನ ಒಂದು ಹಳೇ ಫೈಲ್‌ಸಿಸ್ಟಮ್ ಡ್ರೈವರ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಇಟ್ಟು ಓದುವ ಕೋಡ್, ನನ್ನ ಕೈಗೆ ಬಂತು. ಕಂಪೈಲ್ ಆಗುತ್ತಿತ್ತು, ಮೌಂಟೂ ಆಗುತ್ತಿತ್ತು. ಆದರೆ ಹೆಚ್ಚುವರಿ ವಾರ್ನಿಂಗ್ ತೋರಿಸು ಎನ್ನುವ ಡಬ್ಲ್ಯೂ=2 ಕೊಟ್ಟು, ಬಿಲ್ಡ್ ಮಾಡುವ ಮೇಕ್ ಓಡಿಸಿದರೆ ಸ್ಕ್ರೀನ್ ತುಂಬಾ ವಾರ್ನಿಂಗ್. ವಾರ್ನಿಂಗನ್ನೇ ಎರರ್ ಮಾಡುವ ಕಾನ್ಫಿಗ್ 5.15ರ ಕರ್ನಲ್‌ನಲ್ಲಿ ಬಂದ ಮೇಲೆ ಇವನ್ನು ಸುಮ್ನೆ ಬಿಟ್ಟುಬಿಡೋಕೂ ಆಗಲ್ಲ.

ಮೊದಲ ದಿನ ನಾನು ಸಿಕ್ಕಸಿಕ್ಕಲ್ಲಿ ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ಹಾಕಿ ಕಂಪೈಲರಿನ ಬಾಯಿ ಮುಚ್ಚಿಸಿದೆ. ಅದು ತಪ್ಪು. ಒಂದು ಕಡೆ 'ಅನ್‌ಸೈನ್ಡ್ ಬೆಲೆ ಸೊನ್ನೆಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ' ಎಂಬ ವಾರ್ನಿಂಗ್ ಇತ್ತು, ಅನ್‌ಸೈನ್ಡ್ ಅಂದರೆ ಮೈನಸ್ ಚಿಹ್ನೆಯೇ ಇಲ್ಲದ ಸಂಖ್ಯೆ. ನಿಧಾನವಾಗಿ ನೋಡಿದರೆ, ಬ್ಲಾಕ್ ಹುಡುಕುವ ಫಂಕ್ಷನ್ ಡಿಸ್ಕ್ ಓದಲಾಗದಿದ್ದಾಗ -5 ಎಂಬ ಎರರ್ ಕೋಡ್ ಕೊಡುತ್ತಿತ್ತು, ಕರೆದವರು ಅದನ್ನು 32 ಬಿಟ್ ಅನ್‌ಸೈನ್ಡ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ಎರರ್ ಹೋಗಿ 4294967291 ಎಂಬ ಬ್ಲಾಕ್ ನಂಬರ್ ಆಗಿ ಮುಂದೆ ಸಾಗುತ್ತಿತ್ತು. ಕಾಸ್ಟ್ ಹಾಕಿದ್ದನ್ನೆಲ್ಲ ಅವತ್ತೇ ವಾಪಸ್ ತೆಗೆದೆ.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಕಂಪೈಲರ್ ಒಂದು ಮಾತೂ ಹೇಳದ ಜಾಗ. ಬ್ಲಾಕ್ ನಂಬರಿನಿಂದ ಫೈಲಿನೊಳಗಿನ ಬೈಟ್ ಆಫ್‌ಸೆಟ್ ತೆಗೆಯುವ ಒಂದು ಚಿಕ್ಕ ಮ್ಯಾಕ್ರೋ, ಅಂದರೆ ಕಂಪೈಲ್ ಆಗುವ ಮೊದಲು ಕರೆದ ಜಾಗದಲ್ಲಿ ಹಾಗೇ ಅಂಟಿಸಲ್ಪಡುವ ಕೋಡ್ ತುಣುಕು. ಎಡಕ್ಕೆ 12 ಬಿಟ್ ಶಿಫ್ಟ್, ಅಂದರೆ 4096ರಿಂದ ಗುಣಿಸುವುದು, ಅಷ್ಟೇ, ಏಕೆಂದರೆ ಬ್ಲಾಕ್ ಸೈಜ್ 4096 ಬೈಟ್. ಮ್ಯಾಕ್ರೋಗೆ ತನ್ನದೇ ಟೈಪ್ ಇಲ್ಲ ಅಲ್ವಾ? ಕೊಟ್ಟದ್ದು 32 ಬಿಟ್ ಆದರೆ ಶಿಫ್ಟ್ ಕೂಡ 32 ಬಿಟ್‌ನಲ್ಲೇ. 1048576ನೇ ಬ್ಲಾಕ್ ಬಂದಾಗ, ಅಂದರೆ ಸರಿಯಾಗಿ 4 ಜಿಬಿ ಹತ್ತಿರ, ಉತ್ತರ 32 ಬಿಟ್‌ನಲ್ಲಿ ಹಿಡಿಸದೆ ಸೊನ್ನೆ ಆಗುತ್ತದೆ. ದೊಡ್ಡ ಫೈಲಿನ ಡೇಟಾ ಅದೇ ಫೈಲಿನ ತಲೆಯ ಮೇಲೆ ಬರೆಯಲ್ಪಡುತ್ತದೆ. ಇದನ್ನು ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಮಾಡಿದೆ. ಆರ್ಗ್ಯುಮೆಂಟನ್ನು 64 ಬಿಟ್ ಎಂದು ಬರೆದದ್ದೇ ಮುಖ್ಯ, 32 ಬಿಟ್ ಇಟ್ಟುಕೊಂಡು ಬರೀ ಫಂಕ್ಷನ್ ಮಾಡಿದ್ದರೆ ಬಗ್ ಹಾಗೇ ಉಳಿಯುತ್ತಿತ್ತು.

ಇನ್ನು ಕೆಲವು ಮ್ಯಾಕ್ರೋಗಳು ಕರೆದ ಜಾಗದಲ್ಲಿ ಎಸ್‌ಬಿ ಎಂಬ ಹೆಸರಿನ ವೇರಿಯಬಲ್ ಇದ್ದೇ ಇರುತ್ತದೆ ಎಂದು ನಂಬಿಕೊಂಡಿದ್ದವು. ಒಂದಂತೂ ಆರ್ಗ್ಯುಮೆಂಟನ್ನು ಎರಡು ಸಲ ಬಳಸುತ್ತಿತ್ತು, ಅದಕ್ಕೆ ಪಿ++ ಕೊಟ್ಟರೆ ಪಾಯಿಂಟರ್ ಎರಡು ಹೆಜ್ಜೆ ಹೋಗುತ್ತಿತ್ತು. ಇವೆಲ್ಲ ಫಂಕ್ಷನ್ ಆದವು. ಡೀಬಗ್ ಪ್ರಿಂಟ್ ಮ್ಯಾಕ್ರೋಗಳನ್ನು ಮಾತ್ರ ಮುಟ್ಟಲಿಲ್ಲ, ಕರೆದ ಜಾಗದ ಲೈನ್ ನಂಬರ್ ಬೇಕಾದರೆ ಅವು ಮ್ಯಾಕ್ರೋ ಆಗಿಯೇ ಇರಬೇಕು.

ಡಿಸ್ಕಿನ ಮೇಲಿನ ಸ್ಟ್ರಕ್ಚರ್‌ಗಳ ಫೀಲ್ಡುಗಳಿಗೆ ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು ಬರುವ ಕ್ರಮ) ಟೈಪ್ ಕೊಟ್ಟು, ಮೇಕ್ ಜೊತೆ ಸಿ=1 ಹಾಕಿ ಸ್ಪಾರ್ಸ್ ಎಂಬ ಕೋಡ್ ತಪಾಸಣೆ ಟೂಲ್ ಓಡಿಸಿದೆ. ಎಲ್ಲೆಲ್ಲಿ ಪರಿವರ್ತನೆ ಮರೆತಿದೆ ಎಂದು ಅದು ಒಂದೊಂದಾಗಿ ತೋರಿಸಿತು. ಎಕ್ಸ್86 ಪ್ರೊಸೆಸರಿನ ಬೈಟ್ ಕ್ರಮವೂ ಅದೇ, ಹಾಗಾಗಿ ಅದರ ಮೇಲೆ ಇಂಥ ತಪ್ಪು ಎಷ್ಟು ವರ್ಷ ಓಡಿಸಿದರೂ ಕಾಣಿಸಿಕೊಳ್ಳುವುದಿಲ್ಲ.

ಒಂದು ಬಗೆಯ ಬದಲಾವಣೆಗೆ ಒಂದು ಪ್ಯಾಚ್, ಇದನ್ನು ನಾನು ಬಿಡಲೇ ಇಲ್ಲ. ಕೆಲಸ ಬದಲಿಸದೆ ಕೋಡನ್ನು ಬರೀ ಶುಚಿ ಮಾಡುವ ಪ್ಯಾಚ್ ಆದರೆ ಹಿಂದಿನ, ಮುಂದಿನ ಆಬ್ಜೆಕ್ಟ್ ಫೈಲುಗಳನ್ನು ಆಬ್ಜ್‌ಡಂಪ್‌ನಲ್ಲಿ ಅಸೆಂಬ್ಲಿ ಕೋಡ್ ಆಗಿ ಬಿಚ್ಚಿ ಹೋಲಿಸುತ್ತಿದ್ದೆ. ವ್ಯತ್ಯಾಸ ಬಂದರೆ ಯಾಕೆ ಎಂದು ಗೊತ್ತಾಗುವವರೆಗೆ ಕಮಿಟ್ ಇಲ್ಲ. ಆ ಶಿಫ್ಟ್ ಬಗ್‌ನ ಸರಿಪಡಿಕೆ ಬೇರೆಯೇ ಪ್ಯಾಚ್ ಆಗಿ, ಎಲ್ಲಕ್ಕಿಂತ ಮೊದಲು ಹೋಯಿತು.

ಈಗ ಪ್ರತಿ ಬಿಲ್ಡ್ ಆದ ಮೇಲೆ ಒಂದು 5 ಜಿಬಿ ಫೈಲ್ ಬರೆದು, ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡಿ, ಬರೆದದ್ದೇ ಉಳಿದಿದೆಯೇ ಎಂದು ಚೆಕ್‌ಸಮ್ ನೋಡುತ್ತೇನೆ.