ಹೊಸ ಸಿಂಥ್ ಪ್ಲಗಿನ್ ಹಾಡಿಗೆ ಬರುವ ಮುಂಚೆ ಮಾಡಬೇಕಾದ ಪರೀಕ್ಷೆ

ಸಿಂಥ್ ಪ್ಲಗಿನ್, ಅಂದರೆ ಸಂಗೀತದ ಸಾಫ್ಟ್‌ವೇರ್ ಒಳಗೆ ಓಡುವ ಸಿಂಥಸೈಸರ್, ಇನ್‌ಸ್ಟಾಲ್ ಆದ ತಕ್ಷಣ ಎಲ್ಲರೂ ಒಂದರ ಹಿಂದೆ ಒಂದು ಪ್ರೀಸೆಟ್ (ಅದರಲ್ಲಿ ಸಿದ್ಧವಾಗಿ ಬರುವ ಸದ್ದು) ಒತ್ತಿ ಕೇಳುತ್ತಾರೆ. ಕೇಳಿ, ಖುಷಿಪಡಿ. ಆದರೆ ಪ್ಲಗಿನ್ ಗಟ್ಟಿಯಾಗಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಪ್ರೀಸೆಟ್ ಮೇಲೆ ರಿವರ್ಬ್, ಡಿಲೇ, ಕೋರಸ್ ಎಲ್ಲ ಸುರಿದಿರುತ್ತಾರೆ. ಅದರ ಕೆಳಗಿನ ಹುಳುಕು ಹೊರಗೆ ಬರುವುದು ಹಾಡು ಅರ್ಧ ಮುಗಿದು, ಗಾಯಕರು ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿರುವಾಗ. ಅದಕ್ಕೇ ಹೊಸ ಸಿಂಥ್ ಯಾವುದೇ ಬರಲಿ, ಖಾಲಿ ಪ್ರಾಜೆಕ್ಟ್ ಒಂದರಲ್ಲಿ ಮೊದಲು ಪರೀಕ್ಷೆ ಮಾಡಿಬಿಡುತ್ತೇನೆ.

ನಾನು ಸುಗಮ ಸಂಗೀತಕ್ಕೆ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುವವನು. ವಿಂಡೋಸ್ ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ (ಇಂಥದ್ದನ್ನು ಡಿಎಡಬ್ಲ್ಯು ಅನ್ನುತ್ತಾರೆ), ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ಇಷ್ಟೇ ನನ್ನ ಸಾಮಾನು. ಇಲ್ಲಿ ಉದಾಹರಣೆಗೆ ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ ತೆಗೆದುಕೊಂಡಿದ್ದೇನೆ. ಅದು ಉಚಿತ, 2018ರಿಂದ ಓಪನ್ ಸೋರ್ಸ್ ಕೂಡ. ಓದುತ್ತಾ ಓದುತ್ತಾ ನೀವೂ ಮಾಡಿ ನೋಡಬಹುದು.

ಮೊದಲ ತೊಂದರೆ, ಪ್ಲಗಿನ್ ಪಟ್ಟಿಯಲ್ಲೇ ಕಾಣದಿರುವುದು. ವಿಂಡೋಸ್‌ನಲ್ಲಿ ವಿಎಸ್‌ಟಿ3 (ಪ್ಲಗಿನ್‌ಗಳ ಒಂದು ಸಾಮಾನ್ಯ ಬಗೆ) ಪ್ಲಗಿನ್‌ಗೆ ಗೊತ್ತುಮಾಡಿದ ಜಾಗ ಇದೆ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಫೋಲ್ಡರ್. ಫೈಲ್ ಅಲ್ಲಿದೆಯೇ ನೋಡಿ. ಇದ್ದೂ ಕಾಣದಿದ್ದರೆ ರೀಪರ್ ಪ್ರಿಫರೆನ್ಸಸ್‌ನ ವಿಎಸ್‌ಟಿ ಪುಟಕ್ಕೆ ಹೋಗಿ, ಕ್ಯಾಶ್ (ಹಿಂದಿನ ಸ್ಕ್ಯಾನ್‌ನ ದಾಖಲೆ) ಅಳಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಬರೀ ರೀಸ್ಕ್ಯಾನ್ ಒತ್ತಿದರೆ ಹಿಂದೆ ಫೇಲ್ ಆದದ್ದನ್ನು ಅದು ಮತ್ತೆ ಮುಟ್ಟದೇ ಇರಬಹುದು. ತುಂಬ ಹಳೆಯ ಪ್ಲಗಿನ್ ಆದರೆ 32 ಬಿಟ್ ಇರಬಹುದು, ಇವತ್ತಿನ ಬಹಳಷ್ಟು ಸಾಫ್ಟ್‌ವೇರ್ ಅದನ್ನು ತೆರೆಯುವುದೇ ಇಲ್ಲ. ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ ಇಂಟೆಲ್ ಕಾಲದ ಪ್ಲಗಿನ್ ಕಾಣದಿದ್ದರೆ, ನಿಮ್ಮ ಸಾಫ್ಟ್‌ವೇರನ್ನು ರೊಸೆಟಾದಲ್ಲಿ (ಇಂಟೆಲ್ ಕಾಲದ ಪ್ರೋಗ್ರಾಂ ಓಡಿಸುವ ಆಪಲ್‌ನ ಸೌಲಭ್ಯ) ತೆರೆದು ನೋಡಿ.

ಪ್ಲಗಿನ್ ತೆರೆಯಿತು, ಸದ್ದು ಮಾತ್ರ ಇಲ್ಲ. ಆಗ ಸಿಕ್ಕಿದ್ದೆಲ್ಲ ಒತ್ತಬೇಡಿ. ಮೂರೇ ಪ್ರಶ್ನೆ ಕೇಳಿಕೊಳ್ಳಿ. ಕೀ ಒತ್ತಿದ್ದು ಸಿಂಥ್‌ಗೆ ಮುಟ್ಟಿತಾ? ಸಿಂಥ್‌ನಿಂದ ಸದ್ದು ಹೊರಗೆ ಬಂತಾ? ಬಂದ ಸದ್ದು ಸ್ಪೀಕರ್‌ಗೆ ಹೋಯ್ತಾ? ಸಿಂಥ್ ಒಳಗಿನ ಪರದೆಯ ಕೀಬೋರ್ಡ್ ಮೇಲೆ ಮೌಸ್‌ನಿಂದ ಒತ್ತಿ. ಅದಕ್ಕೆ ಸದ್ದು ಬಂದರೆ ಮಿಡಿ (ಕೀಬೋರ್ಡ್‌ನಿಂದ ಸಿಂಥ್‌ಗೆ ಹೋಗುವ ಸಂದೇಶ) ದಾರಿಯಲ್ಲಿ ತೊಂದರೆ: ಟ್ರ್ಯಾಕ್ ರೆಕಾರ್ಡ್‌ಗೆ ಆರ್ಮ್ (ಸಿದ್ಧ) ಆಗಿಲ್ಲ, ಮಾನಿಟರ್ ಆನ್ ಇಲ್ಲ, ಇಲ್ಲವೇ ಇನ್‌ಪುಟ್‌ನಲ್ಲಿ ಬೇರೆ ಚಾನೆಲ್ ಇದೆ. ಟ್ರ್ಯಾಕ್ ಮೀಟರ್ ಕುಣಿಯುತ್ತಿದೆ, ಕಿವಿಗೆ ಏನೂ ಬೀಳುತ್ತಿಲ್ಲ ಅಂದರೆ ಸಿಂಥ್ ಅನ್ನು ಬಿಟ್ಟು ಆಡಿಯೋ ಡಿವೈಸ್ ಸೆಟ್ಟಿಂಗ್ ನೋಡಿ. ಸರ್ಜ್‌ಗೆ ತಾನೇ ಬೇರೆಯಾಗಿ ಓಡುವ ಸ್ಟ್ಯಾಂಡ್‌ಅಲೋನ್ ರೂಪವೂ ಇದೆ. ಅದರಲ್ಲಿ ನುಡಿದು ರೀಪರ್‌ನಲ್ಲಿ ನುಡಿಯದಿದ್ದರೆ ಹುಡುಕಬೇಕಾದ ಜಾಗ ಅರ್ಧ ಕಡಿಮೆಯಾಯಿತು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಅದೇ ಪಾಡು.

ಈಗ ನಿಜವಾದ ಪರೀಕ್ಷೆ. ಇನಿಟ್ ಸಾ (Init Saw) ಅನ್ನುವ ಪ್ಯಾಚ್, ಅಂದರೆ ಸದ್ದಿನ ಸೆಟ್ಟಿಂಗ್, ತೆರೆಯಿರಿ. ಎಫೆಕ್ಟ್ ಇಲ್ಲದ ಬರೀ ಸಾಟೂತ್ (ಗರಗಸದ ಹಲ್ಲಿನಂಥ) ಅಲೆ, ಮುಚ್ಚಿಡಲು ಅದರಲ್ಲಿ ಏನೂ ಇರುವುದಿಲ್ಲ. ಮಿಡಿ ನೋಟ್ 69 ಒತ್ತಿ ಟ್ಯೂನರ್ ನೋಡಿ, 440 ಹರ್ಟ್ಸ್ ತೋರಿಸಬೇಕು. ಪ್ರಾಜೆಕ್ಟ್ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಸದ್ದಿನ ಎಷ್ಟು ಅಳತೆ ಎಂಬ ಅಂಕಿ) 44.1ರಿಂದ 96 ಕಿಲೋಹರ್ಟ್ಸ್‌ಗೆ ಬದಲಿಸಿ ಮತ್ತೆ ನೋಡಿ. ಶ್ರುತಿ ಅಲುಗಾಡಿದರೆ ಆ ಪ್ಲಗಿನ್ ಕೈಬಿಡಿ. ಆಮೇಲೆ ಸಸ್ಟೇನ್ ಪೆಡಲ್ ಒತ್ತಿ ಕಾರ್ಡ್ ನುಡಿಸಿ, ಕೈ ತೆಗೆದು, ಪೆಡಲ್ ಬಿಡಿ. ಯಾವುದಾದರೂ ಸ್ವರ ನೇತಾಡಿಕೊಂಡು ಉಳಿಯಿತೇ? ಉಳಿದರೆ ಮಿಡಿ ಕಂಟ್ರೋಲರ್ 123 ಕಳಿಸಿ. ಅದು ನುಡಿಯುತ್ತಿರುವ ಸ್ವರಗಳನ್ನೆಲ್ಲ ಬಿಡಿಸುವ ಸಂದೇಶ. ಒಳ್ಳೆಯ ಸಿಂಥ್ ಅದಕ್ಕೆ ಸುಮ್ಮನಾಗಬೇಕು.

ಅಲಿಯಾಸಿಂಗ್ ಹಿಡಿಯಲು ಒಂದು ಸುಲಭ ದಾರಿ ಇದೆ. 48 ಕಿಲೋಹರ್ಟ್ಸ್ ಪ್ರಾಜೆಕ್ಟ್‌ನಲ್ಲಿ 24 ಕಿಲೋಹರ್ಟ್ಸ್‌ಗಿಂತ ಮೇಲಿನ ಯಾವ ಸದ್ದಿಗೂ ಜಾಗ ಇಲ್ಲ. ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಸರಿಯಾಗಿ ಬರೆದಿಲ್ಲದಿದ್ದರೆ ಅಲ್ಲಿಂದ ಮೇಲೆ ಹೋಗಬೇಕಿದ್ದ ಹಾರ್ಮೋನಿಕ್‌ಗಳು (ಸ್ವರದ ಜೊತೆ ಹುಟ್ಟುವ ಮೇಲಿನ ಉಪಸ್ವರಗಳು) ಮಡಿಚಿಕೊಂಡು ಕೆಳಗೆ ಬೀಳುತ್ತವೆ. ಕೀಬೋರ್ಡ್‌ನ ತುದಿಯ ಆಕ್ಟೇವ್‌ನಲ್ಲಿ ಒಂದು ಸ್ವರ ಹಿಡಿದು ಪಿಚ್ ಬೆಂಡ್ (ಸ್ವರವನ್ನು ಏರಿಸಿ ಇಳಿಸುವ ವ್ಹೀಲ್) ಅನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ. ಸ್ವರದ ಜೊತೆ ಎಲ್ಲವೂ ಏರಬೇಕು. ಹಿಂದೆ ಎಲ್ಲೋ ತೆಳ್ಳಗೆ ಒಂದು ಸದ್ದು ಇಳಿಯುತ್ತಿದೆ ಅಂತ ಕೇಳಿದರೆ ಅದೇ ಅಲಿಯಾಸಿಂಗ್. ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಮಾಡುವ ಆಯ್ಕೆ) ಇದ್ದರೆ ಏರಿಸಿ ಮತ್ತೆ ಕೇಳಿ.

ನಮ್ಮ ಸಂಗೀತ ಮಾಡುವವರು ತುಂಬ ಹೊತ್ತು ಕೊಡಬೇಕಾದದ್ದು ಪಿಚ್ ಬೆಂಡ್‌ಗೆ. ಬಹಳಷ್ಟು ಸಿಂಥ್‌ಗಳಲ್ಲಿ ಬೆಂಡ್ ಮೇಲೆ ಎರಡು, ಕೆಳಗೆ ಎರಡು ಸೆಮಿಟೋನ್‌ಗೆ (ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್) ಇರುತ್ತದೆ. ತೋಡಿಯ ಗಾಂಧಾರವನ್ನು ರಿಷಭ, ಮಧ್ಯಮಗಳ ನಡುವೆ ತೂಗಲು ಅದು ಸರಿಯಾಗಿ ಸಾಲುತ್ತದೆ. ಷಡ್ಜದಿಂದ ಪಂಚಮಕ್ಕೆ ಒಂದೇ ಜಾರು ಬೇಕೆಂದರೆ ಏಳು ಸೆಮಿಟೋನ್ ಬೇಕು. ಹಾಗಂತ ಕಣ್ಣುಮುಚ್ಚಿ ಹನ್ನೆರಡಕ್ಕೆ ಏರಿಸಬೇಡಿ. ಮಿಡಿ ಬೆಂಡ್‌ನಲ್ಲಿ 16,384 ಮೆಟ್ಟಿಲುಗಳಿವೆ ನಿಜ, ಆದರೆ ಅಗ್ಗದ ಕೆಲವು ಕೀಬೋರ್ಡ್‌ಗಳ ವ್ಹೀಲ್ 128 ಮೆಟ್ಟಿಲು ಮಾತ್ರ ಕಳಿಸುತ್ತದೆ. ಎರಡು ಸೆಮಿಟೋನ್ ಬೆಂಡ್‌ನಲ್ಲಿ ಒಂದೊಂದು ಮೆಟ್ಟಿಲು ಸುಮಾರು 3 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಪಾಲು ಒಂದು ಸೆಂಟ್), ಕಿವಿ ಒಪ್ಪುತ್ತದೆ. ಹನ್ನೆರಡಕ್ಕೆ ಏರಿಸಿದರೆ ಸುಮಾರು 19 ಸೆಂಟ್. ಗಮಕ ಕಡಕಡ ಅನ್ನುತ್ತದೆ.

ತಪ್ಪು ಕೀಬೋರ್ಡ್‌ನದೋ ಸಿಂಥ್‌ನದೋ ತಿಳಿಯಲು ಸೈನ್ ಅಲೆ ಇಟ್ಟು, ಮಿಡಿ ಎಡಿಟರ್‌ನಲ್ಲಿ ಕೈಯಿಂದಲೇ ಒಂದು ನಯವಾದ ಬೆಂಡ್ ಗೆರೆ ಎಳೆಯಿರಿ. ಗೆರೆ ನಯವಾಗಿ ನುಡಿದು ವ್ಹೀಲ್ ಮಾತ್ರ ಒರಟಾದರೆ ಕೀಬೋರ್ಡ್ ಕಾರಣ. ಇನ್ನೊಂದು ವಿಷಯ: ಸರ್ಜ್‌ನಲ್ಲಿ ಬೆಂಡ್ ರೇಂಜ್ ಪ್ಯಾಚ್ ಜೊತೆಗೇ ಸೇವ್ ಆಗುತ್ತದೆ. ರೆಕಾರ್ಡ್ ಮಾಡಿದ ಮೇಲೆ ಪ್ಯಾಚ್ ಬದಲಿಸಿದರೆ ಗಮಕವೆಲ್ಲ ಅಪಸ್ವರ ಆಗಬಹುದು. ಆ ಅಂಕಿಯನ್ನು ಟ್ರ್ಯಾಕ್ ಹೆಸರಿನಲ್ಲೇ ಬರೆದಿಡಿ.

ಚಟಪಟ ಸದ್ದು ಬಂದರೆ ಎಲ್ಲರೂ ಮೊದಲು ಪ್ಲಗಿನ್‌ಗೆ ಬೈಯುತ್ತಾರೆ. ಬೈಯುವ ಮುಂಚೆ ಆ ಭಾಗವನ್ನು ರೆಂಡರ್ ಮಾಡಿ (ಆಡಿಯೋ ಫೈಲ್ ಆಗಿ ಬರೆಸಿ) ಫೈಲ್ ಕೇಳಿ. ರೆಂಡರ್ ಆದ ಫೈಲ್‌ನಲ್ಲಿ ಚಟಪಟ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಹೊತ್ತಿಗೆ ಸರಿಯಾಗಿ ಲೆಕ್ಕ ಮುಗಿಸಲು ಆಗುತ್ತಿಲ್ಲ ಅಷ್ಟೇ. ಬಫರ್ (ಒಂದು ಸಲಕ್ಕೆ ಲೆಕ್ಕ ಮಾಡುವ ಸ್ಯಾಂಪಲ್‌ಗಳ ಸಂಖ್ಯೆ) ಏರಿಸಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ನುಡಿಸುವಾಗ ನಾನು 256 ಇಡುತ್ತೇನೆ, ಮಿಕ್ಸ್ ಮಾಡುವಾಗ 1024. ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್ ಯಾವ ಟ್ರ್ಯಾಕ್ ಜಾಸ್ತಿ ತಿನ್ನುತ್ತಿದೆ ಅಂತ ತೋರಿಸುತ್ತದೆ. ಸಾಮಾನ್ಯವಾಗಿ ಕಾರಣ ಯೂನಿಸನ್ (ಒಂದೇ ಸ್ವರದ ಹಲವು ಪ್ರತಿ ಒಟ್ಟಿಗೆ ನುಡಿಸುವುದು), ಇಲ್ಲವೇ ಉದ್ದನೆಯ ರಿಲೀಸ್ (ಕೀ ಬಿಟ್ಟ ಮೇಲೆ ಸ್ವರ ಆರುವ ಹೊತ್ತು). ಹಳೆಯ ಸ್ವರ ಸಾಯುವ ಮುಂಚೆ ಹೊಸದು ಸೇರಿ ವಾಯ್ಸ್ (ಒಟ್ಟಿಗೆ ನುಡಿಯುವ ಸ್ವರ) ಲೆಕ್ಕ ಏರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ, ಪವರ್ ಪ್ಲಾನ್ ನೋಡಿ, ವೈಫೈ ಆಫ್ ಮಾಡಿ ನೋಡಿ.

ರೆಂಡರ್ ಆದ ಫೈಲ್‌ನಲ್ಲೂ ಅದೇ ಜಾಗದಲ್ಲಿ ಟಿಕ್ ಅನ್ನುತ್ತಿದ್ದರೆ ಅದು ಸಿಂಥ್ ಒಳಗಿನದು. ಬಹಳ ಸಲ ಆಟ್ಯಾಕ್ (ಸ್ವರ ಪೂರ್ತಿ ಏರಲು ಹಿಡಿಯುವ ಹೊತ್ತು) ಸೊನ್ನೆ ಇರುತ್ತದೆ. ಎರಡು ಮೂರು ಮಿಲಿಸೆಕೆಂಡ್ ಕೊಟ್ಟರೆ ಹೋಗುತ್ತದೆ.

ಸೇವ್ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಬೇಜಾರಿನ ಸಂಗತಿ. ಇನಿಟ್ ಪ್ಯಾಚ್‌ನಲ್ಲಿ ಎಲ್ಲ ನಾಬ್‌ಗಳನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ, ಸ್ಕ್ರೀನ್‌ಶಾಟ್ ತೆಗೆದು, ಪ್ರಾಜೆಕ್ಟ್ ಸೇವ್ ಮಾಡಿ, ಸಾಫ್ಟ್‌ವೇರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸ್ಕ್ರೀನ್‌ಶಾಟ್ ಜೊತೆ ಹೋಲಿಸಿ. ದುಡ್ಡು ಕೊಟ್ಟು ತಗೊಂಡ ಒಂದು ಸಿಂಥ್‌ನಲ್ಲಿ ಉಳಿದದ್ದೆಲ್ಲ ಸರಿಯಾಗಿ ಬಂದು ಎರಡನೇ ಎಲ್‌ಎಫ್‌ಒ (ಸದ್ದನ್ನು ನಿಧಾನವಾಗಿ ತೂಗಾಡಿಸುವ ಭಾಗ) ವೇಗ ಮಾತ್ರ ಪ್ರತಿ ಸಲ ಡಿಫಾಲ್ಟ್‌ಗೆ ಹೋಗುತ್ತಿತ್ತು. ಕೇಳಿ ಹಿಡಿಯುವುದು ಕಷ್ಟ, ಚಿತ್ರದಲ್ಲಿ ತಕ್ಷಣ ಕಂಡಿತು. ಒಂದೇ ಸಿಂಥ್ ಅನ್ನು ಮೂರು ನಾಲ್ಕು ಟ್ರ್ಯಾಕ್‌ನಲ್ಲಿ ಹಾಕಿಯೂ ಇದನ್ನು ಮಾಡಿ.

ಪ್ಲಗಿನ್ ಕ್ರ್ಯಾಶ್ ಆಗಿ ರೀಪರನ್ನೂ ಎಳೆದುಕೊಂಡು ಹೋಗುತ್ತಿದ್ದರೆ, ಅದನ್ನು ಬೇರೆ ಪ್ರೋಸೆಸ್‌ನಲ್ಲಿ ಓಡಿಸುವ ಆಯ್ಕೆ ಇದೆ. ಬಿದ್ದರೆ ಪ್ಲಗಿನ್ ಮಾತ್ರ ಬೀಳುತ್ತದೆ. ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್ ಬಳಸುವವರು ಪ್ಲಗಿನ್ ರ‍್ಯಾಪರ್ ಸೆಟ್ಟಿಂಗ್‌ನಲ್ಲಿ ಫಿಕ್ಸ್ಡ್ ಸೈಜ್ ಬಫರ್ಸ್ ಆನ್ ಮಾಡಿ ನೋಡಿ. ಎಫ್‌ಎಲ್ ಚಿಕ್ಕದು ದೊಡ್ಡದು ತುಂಡುಗಳಾಗಿ ಆಡಿಯೋ ಕೇಳುತ್ತದೆ, ಕೆಲವು ಪ್ಲಗಿನ್‌ಗಳಿಗೆ ಅದು ಒಗ್ಗುವುದಿಲ್ಲ. ಪ್ಲಗಿನ್‌ವಾಲ್ ಅನ್ನುವ ಉಚಿತ ಪರೀಕ್ಷಕವೂ ಇದೆ. ಬಿಗಿತ 1ರಿಂದ 10ರವರೆಗೆ ಇಡಬಹುದು, 5ರಲ್ಲಿ ಪಾಸಾದರೆ ಸಾಮಾನ್ಯ ಬಳಕೆಗೆ ಸಾಕು.

ಇಷ್ಟಾದರೂ ಸರಿಹೋಗದಿದ್ದರೆ ತಯಾರಿಸಿದವರಿಗೆ ಬರೆಯಿರಿ. "ವರ್ಕ್ ಆಗ್ತಿಲ್ಲ" ಅಂತ ಬರೆದರೆ ಅವರೂ ಏನು ಮಾಡಲಾರರು. ಪ್ಲಗಿನ್ ವರ್ಷನ್, ವಿಎಸ್‌ಟಿ3 ಹೌದೋ ಅಲ್ಲವೋ, ವಿಂಡೋಸ್ ಮತ್ತು ಡಿಎಡಬ್ಲ್ಯು ವರ್ಷನ್, ಸ್ಯಾಂಪಲ್ ರೇಟ್, ಬಫರ್, ತೊಂದರೆ ಮತ್ತೆ ಬರಿಸಲು ಒತ್ತಬೇಕಾದ್ದೇನು ಎಂಬ ಕ್ರಮ, ಇಷ್ಟು ಕೊಡಿ. ಜೊತೆಗೆ ಒಂದೇ ಟ್ರ್ಯಾಕ್ ಇರುವ ಸಣ್ಣ ಪ್ರಾಜೆಕ್ಟ್ ಫೈಲ್. ಸರ್ಜ್ ಆದರೆ ಅವರ ಗಿಟ್‌ಹಬ್‌ನಲ್ಲಿ ಅದೇ ತೊಂದರೆಯನ್ನು ಬೇರೆ ಯಾರಾದರೂ ಬರೆದಿದ್ದಾರಾ ಅಂತ ಮೊದಲು ಹುಡುಕಿ, ಇದ್ದರೆ ನಿಮ್ಮ ವಿವರವನ್ನು ಅದರ ಕೆಳಗೇ ಸೇರಿಸಿ.